ಅಕ್ಕ ಒದ್ದರೆ ಹೊರಡುವ ಗಾಡಿ

ಮೊನ್ನೆ ನಮ್ಮ ಶಾಲೆಯ ಅಂಗಳದ ಹುಲ್ಲು ಕತ್ತರಿಸುವುದಕ್ಕೆ ಒಬ್ಬರು ಬಂದಿದ್ದರು. ಹೆಗಲಿಗೆ ನೇತುಹಾಕಿಕೊಂಡು ಅತ್ತಿತ್ತ ಬೀಸುವ ಸಣ್ಣ ಯಂತ್ರವೊಂದಿದೆಯಲ್ಲ, ಅದನ್ನು ತಂದಿದ್ದರು. ನಾನು ಎಂಟನೇ ತರಗತಿಗೆ ಸಂಧಿ ಹೇಳಿಕೊಡುತ್ತಿದ್ದೆ. ಲೋಪಸಂಧಿ ಮುಗಿದು ಆಗಮಸಂಧಿಗೆ ಬರುವ ಹೊತ್ತಿಗೆ ಕಿಟಕಿಯಿಂದ ನೀಲಿ ಹೊಗೆ ಒಳಗೆ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟ ಹೊಗೆ. ಮಕ್ಕಳೆಲ್ಲ ಮೂಗು ಮುಚ್ಚಿಕೊಂಡರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಕಿಟಕಿ ಹಾಕ್ಲಾ ಸಾ?" ಎಂದಳು. ಬೇಡವೆಂದೆ. ಬೇಡವೆಂದದ್ದಷ್ಟೇ ಅಲ್ಲ, ಕಿಟಕಿಯ ಹತ್ತಿರ ಹೋಗಿ ನಿಂತು ಎರಡು ಸಲ ಆಳವಾಗಿ ಉಸಿರೆಳೆದುಕೊಂಡೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಆ ವಾಸನೆ ಬಂದರೆ ನನ್ನ ಎದೆ ಈಗಲೂ ಜೋರಾಗಿ ಹೊಡೆದುಕೊಳ್ಳುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ. ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಂತ್ರಗಳಿಗೂ ನನಗೂ ಆಗಿಬರುವುದಿಲ್ಲ. ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸುವವಳು ನನ್ನ ಹೆಂಡತಿ. ಒಮ್ಮೆ ನನ್ನ ಬೈಕು ಮಧುಗಿರಿಗೆ ಇನ್ನೂ ಎರಡು ಮೈಲಿ ಇರುವಾಗ ನಿಂತುಹೋಯಿತು. ಉರಿಬಿಸಿಲಿನಲ್ಲಿ ಗ್ಯಾರೇಜಿನವರೆಗೂ ತಳ್ಳಿಕೊಂಡು ಬಂದೆ. ಅಲ್ಲಿನ ಮೆಕ್ಯಾನಿಕ್ ಬಗ್ಗಿ ನೋಡಿ, ಪೆಟ್ರೋಲ್ ನಲ್ಲಿಯನ್ನು ತಿರುಗಿಸಿ, "ಈಗ ಹೋಗಿ ಸಾ" ಎಂದ. ಅಂಥ ನಾನು ಕೊರಟಗೆರೆ ಕಡೆಯಿಂದ ಒಂದು ಸತ್ತ ಕ್ವಾಡ್ ಬೈಕನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದೆ ಎಂದರೆ ನೀವು ನಂಬಬೇಕು. ಕ್ವಾಡ್ ಎಂದರೆ ನಾಲ್ಕು ದಪ್ಪ ಗಾಲಿಯ ಬೈಕು. ಮರಳಿನಲ್ಲಿ, ಕಲ್ಲುಗುಡ್ಡದಲ್ಲಿ ರೇಸ್ ಓಡಿಸುವುದಕ್ಕೆಂದು ಮಾಡಿದ್ದು. ಚಿಕ್ಕ ಎಂಜಿನ್, ಆದರೆ ಕೂಗಿದರೆ ಮೂರು ಊರಿಗೆ ಕೇಳಬೇಕು.

ಅದನ್ನು ತಂದದ್ದು ಭಾವನಿಗಾಗಿ. ಅಕ್ಕನನ್ನು ಕೊಟ್ಟಿರುವುದು ಕೊಡಿಗೇನಹಳ್ಳಿಯಿಂದ ಐ.ಡಿ.ಹಳ್ಳಿ ಕಡೆಗೆ ಹೋಗುವಾಗ ಒಳಗೆ ಸಿಗುವ ಒಂದು ಸಣ್ಣ ಊರಿಗೆ. ಭಾವ ಕುರಿಗಾರ. ಅವರ ಅಪ್ಪ, ಅಜ್ಜ ಎಲ್ಲರೂ ಕುರಿಗಾರರೇ. ಎತ್ತರದ ಆಳು, ಮಾತು ಮಾತ್ರ ತೀರ ಕಮ್ಮಿ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ನನಗೂ ಅವರಿಗೂ ನಡೆದ ಮಾತೆಂದರೆ, "ಬಂದ್ಯಾ ಮೇಷ್ಟ್ರೇ?", "ಬಂದೆ ಭಾವ", "ಉಣ್ಣು." ಇಷ್ಟೇ. ನಾನು ಪುಸ್ತಕದವನು, ಅವರು ಗುಡ್ಡದವರು. ಇಬ್ಬರೂ ಜಗಲಿಯ ಮೇಲೆ ಕೂತು ರಸ್ತೆ ನೋಡುತ್ತಿದ್ದೆವು. ಒಳಗಿಂದ ಅಕ್ಕ ಊಟಕ್ಕೆ ಕರೆದರೆ ಇಬ್ಬರಿಗೂ ಬಿಡುಗಡೆ.

ಆರೇಳು ವರ್ಷದ ಹಿಂದೆ, ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡ ಮರಿಯನ್ನು ಎತ್ತಿಕೊಳ್ಳಲು ಹೋಗಿ ಭಾವ ಜಾರಿ ಬಿದ್ದರು. ಬಲಗಾಲಿನ ಮಂಡಿ ಪುಡಿಯಾಯಿತು. ಆಪರೇಷನ್ ಆಯಿತು, ಒಳಗೆ ಪ್ಲೇಟು ಕೂತಿತು. ಆದರೆ ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ. ನೆಲದ ಮೇಲೆ ನಡೆಯಬಹುದು, ಗುಡ್ಡ ಹತ್ತುವಂತಿಲ್ಲ ಎಂದರು ಡಾಕ್ಟರು. ಎಂಬತ್ತು ಕುರಿ, ಊರ ಹಿಂದೆ ಕಲ್ಲುಗುಡ್ಡ. ಮೇವೆಲ್ಲ ಇರುವುದು ಆ ಗುಡ್ಡದ ಮೇಲೆ. ಅಕ್ಕ ಕುರಿ ಹೊಡೆದುಕೊಂಡು ಹೋಗತೊಡಗಿದಳು. ಬೆಳಿಗ್ಗೆ ಹೋದರೆ ಸಂಜೆ. ಭಾವ ಜಗಲಿಯ ಮೇಲೆ ಕೂತು ಗುಡ್ಡದ ಕಡೆಗೆ ನೋಡುತ್ತಿದ್ದರು.

ಒಂದು ಭಾನುವಾರ ನಾನೂ ಪಕ್ಕದಲ್ಲಿ ಕೂತಿದ್ದೆ. ಕುರಿಗಳು ಬಂಡೆಯ ಮೇಲೆ ಸಾಲಾಗಿ ಏರುತ್ತಿದ್ದವು. ಭಾವ ಇದ್ದಕ್ಕಿದ್ದಂತೆ, "ನಾಕು ಕಾಲಿದ್ದೋವ್ಕೆ ಏನ್ ಕಷ್ಟ ಹೇಳು" ಎಂದರು. ಆಮೇಲೆ, "ಪಾವಗಡದ ಕಡೆ ಕುರಿ ಯಾಪಾರದೋನು ಒಬ್ಬ ಬತ್ತಾನೆ. ಮುಂದಿನ ತಿಂಗ್ಳು. ಎಲ್ಲಾನೂ ಹೊಡ್ಕಂಡೋಗು ಅಂತ ಹೇಳ್ಬುಟ್ಟಿವ್ನಿ" ಎಂದರು. ಅಕ್ಕನಿಗೆ ಆಗಲೇ ಗೊತ್ತಿತ್ತು. ಅಡುಗೆಮನೆಯಲ್ಲಿ ನನ್ನ ಮುಂದೆ ಅತ್ತಳು. "ನಂಗೆ ಕುರಿ ಹೋದ್ರೆ ಹೋಗ್ಲಿ ಕಣ್ಲಾ. ಕುರಿ ಹೋದ್ಮೇಲೆ ಈಯಪ್ಪ ಏನ್ ಮಾಡ್ತೈತೆ? ಬರೇ ಗೋಡೆ ನೋಡ್ಕಂಡು ಕೂರ್ತೈತೆ" ಎಂದಳು.

ಅದಾಗಿ ಒಂದು ವಾರಕ್ಕೆ ಶಾಲೆಯ ಮಕ್ಕಳನ್ನು ಸಿದ್ದರಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಬೆಟ್ಟದಿಂದ ಇಳಿದು ವಾಪಸು ಬರುವಾಗ ದಾರಿಯಲ್ಲಿ ಮುಚ್ಚಿಹೋದ ಒಂದು ರೆಸಾರ್ಟು. ನೀರು ಕೇಳಲು ಒಳಗೆ ಹೋದೆ. ಹಿಂದಿನ ಶೆಡ್ಡಿನಲ್ಲಿ ಆ ಕ್ವಾಡ್ ನಿಂತಿತ್ತು. ಸೀಟಿನ ಮೇಲೆ ಕೋಳಿ ಮೊಟ್ಟೆಯಿಟ್ಟು ಕೂತಿತ್ತು. ಕಾವಲುಗಾರ, "ಎರಡು ವರ್ಸದಿಂದ ಹೊರಟಿಲ್ಲ ಸಾ. ಗುಜರಿಗೆ ಹಾಕಿ ಅಂದವ್ರೆ ಓನರ್ರು" ಎಂದ. ನಾನು ನಾಲ್ಕು ಗಾಲಿಗಳನ್ನು ನೋಡಿದೆ. ಭಾವನ ಮಾತು ಕಿವಿಯಲ್ಲಿ ಕೇಳಿಸಿತು. ಯೋಚನೆ ಮಾಡಿದ್ದರೆ ತರುತ್ತಿರಲಿಲ್ಲ. ಮಾಡಲಿಲ್ಲ, ಮಾರನೆಯ ದಿನವೇ ಗುಜರಿಯ ಬೆಲೆ ಕೊಟ್ಟು ತಂದೆ.

ಗುಜರಿಗೆ ಹೊರಟಿದ್ದ ಗಾಡಿ ಮನೆಯ ಮುಂದೆ ಇಳಿದಾಗ ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ಭಾವ ನಗಲಿಲ್ಲ. ಕೋಲು ಊರಿಕೊಂಡು ಒಂದು ಸುತ್ತು ಬಂದರು. ಕರುವಿನ ಹಲ್ಲು ನೋಡುವವರಂತೆ ಬಗ್ಗಿ ಅಲ್ಲಿ ಇಲ್ಲಿ ಮುಟ್ಟಿದರು. "ಏನಾಗೈತೆ ಇದ್ಕೆ?" ಎಂದರು. "ಗೊತ್ತಿಲ್ಲ ಭಾವ." "ನಿಂಗೆ ರಿಪೇರಿ ಬತ್ತದಾ?" "ಇಲ್ಲ ಭಾವ." ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, "ನಂಗೂ ಬರಲ್ಲ. ಬಿಚ್ಚಾನ ಬಾ" ಎಂದರು. ಇಪ್ಪತ್ತು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ಅತಿ ಉದ್ದದ ಸಂಭಾಷಣೆ ಅದು.

ಬೇಸಿಗೆ ರಜೆ ಶುರುವಾಗಿತ್ತು. ನಾನು ಅಲ್ಲೇ ಉಳಿದೆ. ಅಂಗಳದ ಹೊಂಗೆಮರದ ಕೆಳಗೆ ಹಳೆಯ ಕಂಬಳಿ ಹಾಸಿ ಕೂತೆವು. ಭಾವ ಬಿಚ್ಚುವುದು, ಬಿಚ್ಚಿದ್ದನ್ನು ಕ್ರಮವಾಗಿ ಕಂಬಳಿಯ ಮೇಲೆ ಜೋಡಿಸುವುದು ನನ್ನ ಕೆಲಸ. ಪ್ರತಿ ತುಂಡಿನ ಪಕ್ಕದಲ್ಲಿ ಒಂದು ಕಲ್ಲಿಟ್ಟು ಅದರ ಮೇಲೆ ಸೀಮೆಸುಣ್ಣದಿಂದ ನಂಬರು ಬರೆಯುತ್ತಿದ್ದೆ. ಮೇಷ್ಟರಿಗೆ ಬರುವುದು ಅದೊಂದೇ.

ಪೆಟ್ರೋಲ್ ಟ್ಯಾಂಕು ತೆರೆದರೆ ಒಳಗಿದ್ದದ್ದು ಹಳಸಿ ಬೆಲ್ಲದ ಪಾಕದಂತಾಗಿತ್ತು. ಅದು ಇಳಿದು ಕಾರ್ಬ್ಯುರೇಟರ್ ಕಟ್ಟಿಕೊಂಡಿತ್ತು. ಪೆಟ್ರೋಲನ್ನೂ ಗಾಳಿಯನ್ನೂ ಬೆರಕೆ ಮಾಡಿ ಎಂಜಿನ್ನಿಗೆ ಕೊಡುವುದು ಅದೇ ಡಬ್ಬಿ. ಅದರಲ್ಲಿ ಕೂದಲೆಳೆಯಷ್ಟು ಸಣ್ಣ ತೂತುಗಳಿವೆ. ಭಾವ ಪೊರಕೆಕಡ್ಡಿಯಿಂದ ಒಂದೊಂದೇ ತೂತು ಬಿಡಿಸಿ, ಬಾಯಿಂದ ಊದಿ, ಆಕಾಶಕ್ಕೆ ಹಿಡಿದು ನೋಡಿದರು. "ಬೆಳಕು ಕಾಣ್ತೈತೆ" ಎಂದು ನನ್ನ ಕೈಗೆ ಕೊಟ್ಟರು. ನಾನೂ ನೋಡಿದೆ. ಸೂಜಿಮೊನೆಯಷ್ಟು ಬೆಳಕು. ಅದಕ್ಕೆ ಅಷ್ಟೊಂದು ಸಂತೋಷಪಡುತ್ತೇನೆಂದು ನಾನೇ ಎಣಿಸಿರಲಿಲ್ಲ.

ಆಮೇಲೆ ಕಿಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು ಕಿಕ್ ಹೊಡೆದರೆ ತುದಿಯಲ್ಲಿ ಕಿಡಿ ಹಾರಬೇಕಂತೆ. ಹಾರಲಿಲ್ಲ. ಎರಡು ದಿನ ವೈರುಗಳ ಹಿಂದೆ ಬಿದ್ದೆವು. ಕೊನೆಗೆ ಹ್ಯಾಂಡಲಿನ ಕೆಳಗೆ ಇಲಿ ಕಡಿದ ಒಂದು ವೈರು ಸಿಕ್ಕಿತು. ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ವೈರು. ಸಿಪ್ಪೆ ಸುಲಿದು ಗಾಡಿಯ ಕಬ್ಬಿಣಕ್ಕೆ ತಾಗಿಕೊಂಡಿದ್ದರಿಂದ ಅದು ಎಂಜಿನ್ನಿಗೆ ಹಗಲೂ ರಾತ್ರಿ "ನಿಲ್ಲು, ನಿಲ್ಲು" ಎನ್ನುತ್ತಲೇ ಇತ್ತು. ಭಾವ ಅದನ್ನು ಕತ್ತರಿಸಿ ಎಸೆದರು. ಕಿಡಿ ಹಾರಿತು! ನೀಲಿ ಕಿಡಿ, ಚಟ್ ಎಂದು. ಇಬ್ಬರೂ ಒಟ್ಟಿಗೆ "ಓಹ್" ಎಂದೆವು. ನಿಲ್ಲಿಸುವ ವೈರನ್ನೇ ಕತ್ತರಿಸಿದರೆ ಹೊರಟ ಮೇಲೆ ನಿಲ್ಲಿಸುವುದು ಹೇಗೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮಾರನೆಯ ದಿನ ಹೊಸ ಪೆಟ್ರೋಲ್ ತಂದು, ಆಯಿಲ್ ಬೆರೆಸಿ ತುಂಬಿದೆವು. ಕಿಕ್ಕರ್ ಇರುವುದು ಬಲಗಡೆ. ಭಾವನ ಬಲಗಾಲು ಕೆಲಸಕ್ಕೆ ಬಾರದು. ಹಾಗಾಗಿ ನಾನೇ ಒದೆಯಬೇಕು. ಒದ್ದೆ. ಐವತ್ತು, ಅರವತ್ತು ಸಲ ಒದ್ದೆ. ಅಂಗಿ ಮೈಗೆ ಅಂಟಿತು, ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಊರಿನ ಹೆಂಗಸರು ಕೊಡ ಇಳಿಸಿ ನಿಂತು ನೋಡತೊಡಗಿದರು. ಅಕ್ಕನಿಗೆ ನಾಚಿಕೆಯಾಗಿರಬೇಕು. "ಅತ್ತಗಿರು ತಮ್ಮ, ಒದೆಯೋದು ಅಂದ್ರೆ ಇಂಗಾ?" ಎಂದು ಬಂದಳು. ಸೀರೆ ಎತ್ತಿಕಟ್ಟಿ, ಹ್ಯಾಂಡಲ್ ಹಿಡಿದು, ಬರಿಗಾಲಿನಲ್ಲಿ ಒಂದು ಒದ್ದಳು ನೋಡಿ!

ಅಬ್ಬಾ! ಎಂಜಿನ್ ಎದ್ದಿತು. ಹೊಂಗೆಮರದ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ನೀಲಿ ಹೊಗೆ ಅಂಗಳ ತುಂಬಿತು. ನಾನು ಕೈ ತಟ್ಟಿದೆ, ಭಾವ ಕೋಲೆತ್ತಿದರು. ಆದರೆ ಸದ್ದು ಏರುತ್ತಲೇ ಹೋಯಿತು. ಯಾರೂ ಆಕ್ಸಿಲರೇಟರ್ ಮುಟ್ಟಿಲ್ಲ, ಅದೇ ತಾನಾಗಿ ಕೂಗುತ್ತಿದೆ. ಹೊಗೆಕೊಳವೆಯಿಂದ ಕಿರುಚಾಟ, ಇಡೀ ಗಾಡಿ ನಿಂತಲ್ಲೇ ಥರಥರ. "ಆಫ್ ಮಾಡ್ಲಾ!" ಎಂದು ಅಕ್ಕ ಕೂಗಿದಳು. ಸ್ವಿಚ್ ಒತ್ತಿದೆ. ಎಲ್ಲಿಯ ಸ್ವಿಚ್, ವೈರೇ ಇಲ್ಲವಲ್ಲ! ನಾನು ಹಿಂದೆ ಹಿಂದೆ ಸರಿದು, ನಿಜ ಹೇಳಬೇಕೆಂದರೆ ಓಡಿಯೇ ಹೋಗಿ, ದನದ ಕೊಟ್ಟಿಗೆಯ ಗೋಡೆಯ ಹಿಂದೆ ನಿಂತೆ. ಭಾವ ಗಾಳಿ ಒಳಗೆ ಹೋಗುವ ಬಾಯಿಯನ್ನು ಕೋಲಿನಿಂದ ತೋರಿಸಿ, "ಬಾಯಿ ಮುಚ್ಚೇ, ಅದ್ರ ಬಾಯಿ ಮುಚ್ಚು!" ಎಂದರು. ಅಕ್ಕ ಬಾನಿಯಲ್ಲಿ ನೆನೆಹಾಕಿದ್ದ ಗೋಣಿತಟ್ಟನ್ನು ಎಳೆದು ತಂದು ಅದಕ್ಕೆ ಗಿಡಿದಳು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಊರೆಲ್ಲ ಗಪ್‌ಚಿಪ್. ನಾನು ಗೋಡೆಯ ಹಿಂದಿನಿಂದ ಬಂದೆ. ಬಯ್ಯುತ್ತಾರೆಂದುಕೊಂಡೆ. ಭಾವನ ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿದ್ದವು. "ಜೀವ ಐತೆ ಕಣ್ಲಾ ಮೇಷ್ಟ್ರೇ! ಜೀವ ಐತೆ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಬಿದ್ದು ಮಂಡಿ ಮುರಿದುಕೊಂಡ ಮೇಲೆ ಅವರು ಹಾಗೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಸ್ಪಾರ್ಕ್ ಪ್ಲಗ್ಗನ್ನು ಜೇಬಿಗೆ ಹಾಕಿಕೊಂಡು ಸಿರಾಕ್ಕೆ ಹೋದೆ. ಅಲ್ಲಿ ಹಳೆಯ ಟೂ ಸ್ಟ್ರೋಕ್ ಬೈಕುಗಳನ್ನು ಬಿಚ್ಚಿಯೇ ತಲೆ ನರೆತ ಒಬ್ಬ ಸಾಬರಿದ್ದಾರೆಂದು ಯಾರೋ ಹೇಳಿದ್ದರು. ಅವರು ಪ್ಲಗ್ಗನ್ನು ಕನ್ನಡಕದ ಹತ್ತಿರ ಹಿಡಿದು ತಿರುಗಿಸಿದರು. "ಮಾಸ್ಟರ್ ಸಾಬ್, ಪ್ಲಗ್ ಹೆಂಗಿರಬೇಕು? ಕಾಫಿಪುಡಿ ಕಲರ್ ಇರಬೇಕು. ಇದು ನೋಡಿ, ಪೂರಾ ಬೆಳ್ಳಗೆ. ನಿಮ್ಮ ಎಂಜಿನ್ ಎಲ್ಲಿಂದಾನೋ ಕದ್ದು ಹವಾ ಕುಡೀತಾ ಇದೆ. ಹವಾ ಜ್ಯಾದಾ ಆದ್ರೆ ಹಿಂಗೇ ಹುಚ್ಚು ಓಟ ಓಡತ್ತೆ. ಹಿಂಗೇ ಬಿಟ್ಟರೆ ಪಿಸ್ಟನ್ ಖತಂ" ಎಂದರು. ತೂತು ಎಲ್ಲಿದೆಯೆಂದು ಕಂಡುಹಿಡಿಯುವುದು ಹೇಗೆ ಎಂದೆ. ಅವರು ನಕ್ಕರು. "ಸೈಕಲ್ ಪಂಕ್ಚರ್ ಹೆಂಗೆ ನೋಡ್ತಾರೆ? ಹಂಗೇ. ಎಂಜಿನ್ನಿಗೆ ಇರೋ ಬಾಯಿ ಎಲ್ಲಾ ರಬ್ಬರಲ್ಲಿ ಕಟ್ಟಿ, ಪಂಪಲ್ಲಿ ಮೆಲ್ಲಗೆ ಹವಾ ಕೊಡಿ. ಸೋಪಿನ ನೀರು ಹಚ್ಚಿ. ಗುಳ್ಳೆ ಎಲ್ಲಿ ಬರತ್ತೋ ಅಲ್ಲೇ ಕಳ್ಳ. ಮೊದಲು ಆ ಸ್ವಿಚ್ಚಿನ ವೈರು ಹಾಕಿ, ಖುದಾಕೇ ವಾಸ್ತೆ!"

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಕೂರಲಾಗಲಿಲ್ಲ. ಸಂಧಿ, ಸಮಾಸ, ಛಂದಸ್ಸು ಯಾವುದೂ ನನ್ನನ್ನು ಹಾಗೆ ಕುಣಿಸಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ಗಾಳಿಯ ಕಳ್ಳನ ವಿಷಯ ವಿವರಿಸಿದೆ. ಆಕೆ ಪಾಪ, ತನ್ನ ಎಲೆಅಡಿಕೆ ಚೀಲವನ್ನು ಆ ಕಡೆಯ ಮಗ್ಗುಲಿಗೆ ಸರಿಸಿಟ್ಟುಕೊಂಡಳು.

ಪಾವಗಡದವನು ಬರುವುದಕ್ಕೆ ಇನ್ನು ನಾಲ್ಕು ದಿನವಿತ್ತು. ಮೊದಲು ಸ್ವಿಚ್ಚಿಗೆ ಹೊಸ ವೈರು ಎಳೆದೆವು. ಮಾರನೆಯ ಬೆಳಿಗ್ಗೆ ಹಳೆಯ ಟ್ಯೂಬು ಕತ್ತರಿಸಿ ಎಂಜಿನ್ನಿನ ಬಾಯಿಗಳನ್ನು ಕಟ್ಟಿ, ನಾನು ಸೈಕಲ್ ಪಂಪು ಒತ್ತಿದೆ. ಅಕ್ಕ ಸೋಪಿನ ನೊರೆ ಹಚ್ಚಿದಳು. ಎಲ್ಲೂ ಗುಳ್ಳೆಯಿಲ್ಲ. ಭಾವ ಕಣ್ಣು ಮುಚ್ಚಿ, ಎಂಜಿನ್ನಿನ ಪಕ್ಕದಲ್ಲಿ ಕಿವಿಯಿಟ್ಟು ಮಲಗಿದರು. "ಸುಮ್ಕಿರ್ರಿ" ಎಂದರು. ಸುಮ್ಮನಾದೆವು. "ಎಡಗಡೆ. ಒಳಗೆ. ಬುಸ್ ಅಂತೈತೆ." ಎಡಗಡೆ ಮ್ಯಾಗ್ನೆಟ್ಟಿನ ದೊಡ್ಡ ಚಕ್ರ ಕೂತಿರುತ್ತದೆ. ಕೊಡಿಗೇನಹಳ್ಳಿಯ ಬೈಕ್ ಅಂಗಡಿಯಿಂದ ಎಳೆಯುವ ಸಾಧನ ತಂದು ಅದನ್ನು ಕಿತ್ತೆವು. ಹಿಂದೆ ಎಂಜಿನ್ನಿನ ದಂಡದ ಸುತ್ತ ಒಂದು ರಬ್ಬರ್ ಸೀಲು. ಅದಕ್ಕೆ ನೊರೆ ಹಚ್ಚಿ ಮತ್ತೆ ಪಂಪು ಒತ್ತಿದೆ. ಮೊದಲು ಒಂದು ಗುಳ್ಳೆ, ಆಮೇಲೆ ಎರಡು, ಆಮೇಲೆ ಕೊತಕೊತನೆ ಬಂದವು. ನಾವು ಮೂವರೂ ತಲೆಗೆ ತಲೆ ತಾಗಿಸಿ ಆ ಗುಳ್ಳೆಗಳನ್ನು ನೋಡಿದೆವು. "ಸಿಕ್ದ!" ಎಂದಳು ಅಕ್ಕ, ನಿಜವಾಗಿಯೂ ಕಳ್ಳನೇ ಸಿಕ್ಕಿದನೆಂಬಂತೆ.

ಒಣಗಿ ಬಿರಿದಿದ್ದ ಆ ಸೀಲನ್ನು ಕಾಗದದಲ್ಲಿ ಸುತ್ತಿ ಮತ್ತೆ ಸಿರಾಕ್ಕೆ ಓಡಿದೆ. ಸಾಬರು ಅಳತೆ ತೆಗೆದು, ಡಬ್ಬ ಡಬ್ಬ ಹುಡುಕಿ, ಬೇರೆ ಯಾವುದೋ ಗಾಡಿಯದು, ಅದೇ ಅಳತೆಯ ಸೀಲು ಕೊಟ್ಟರು. ಭಾವ ಅದಕ್ಕೆ ಎಣ್ಣೆ ಸವರಿ, ಹೆಬ್ಬೆರಳಿನಿಂದ ಸುತ್ತಲೂ ಸಮನಾಗಿ ಒತ್ತಿ ಕೂರಿಸಿದರು. ಮತ್ತೆ ಪಂಪು ಒತ್ತಿದೆ. ಗುಳ್ಳೆಯಿಲ್ಲ. ಕಲ್ಲಿನ ಮೇಲಿನ ನಂಬರುಗಳನ್ನು ಹಿಂದಿನಿಂದ ಮುಂದಕ್ಕೆ ಓದುತ್ತ ಎಲ್ಲವನ್ನೂ ಜೋಡಿಸಿದೆವು. ಕೊನೆಗೆ ಒಂದು ಬೋಲ್ಟು ಉಳಿಯಿತು. ಅದು ಎಲ್ಲಿಯದೆಂದು ಇವತ್ತಿಗೂ ಗೊತ್ತಿಲ್ಲ.

ಪಾವಗಡದವನು ಟೆಂಪೋ ತೆಗೆದುಕೊಂಡು ಗುರುವಾರ ಬೆಳಿಗ್ಗೆಯೇ ಬಂದುಬಿಟ್ಟ. ಅಕ್ಕ ಅವನಿಗೆ ಕಾಫಿ ಕೊಟ್ಟು, ಸೀರೆ ಎತ್ತಿಕಟ್ಟಿ, ಗಾಡಿಯ ಹತ್ತಿರ ಹೋಗಿ ಒದ್ದಳು. ಒಂದೇ ಒದೆ. ಎಂಜಿನ್ ಎದ್ದಿತು. ಭಾವ ಆಕ್ಸಿಲರೇಟರ್ ಹಿಡಿ ತಿರುವಿದರು, ಸದ್ದು ಏರಿತು. ನಾನು ಕೊಟ್ಟಿಗೆಯ ಗೋಡೆಯ ಕಡೆಗೆ ಎರಡು ಹೆಜ್ಜೆ ಇಟ್ಟೆ. ಭಾವ ಹಿಡಿ ಬಿಟ್ಟರು. ಸದ್ದು ಇಳಿಯಿತು. ಮತ್ತೆ ತಿರುವಿದರು, ಏರಿತು. ಬಿಟ್ಟರು, ಇಳಿಯಿತು. ಹೇಳಿದ ಮಾತು ಕೇಳುತ್ತಿತ್ತು! ಭಾವ ಎಡಗಾಲು ಎತ್ತಿ ಹಾಕಿ ಹತ್ತಿ ಕೂತರು. ಬಲಗಾಲನ್ನು ಅಕ್ಕ ಹಿಡಿದು ಬ್ರೇಕಿನ ಮೇಲೆ ಇಟ್ಟಳು. ಹಿತ್ತಲಿನಲ್ಲಿ ಎರಡು ಸುತ್ತು ಹಾಕಿದವರೇ ಸೀದಾ ಗುಡ್ಡದ ಕಡೆಗೆ ಹೊರಟರು. ಹಿಂದಿನ ಎರಡು ಗಾಲಿ ಕಲ್ಲು ಸಿಡಿಸುತ್ತ, ಬಂಡೆಯಿಂದ ಬಂಡೆಗೆ ಏರುತ್ತ, ತಿರುವಿನಲ್ಲಿ ಮರೆಯಾದರು. ನಾನು ಊರಿನವರ ಮುಂದೆ ಮೇಷ್ಟರೆಂಬುದನ್ನು ಮರೆತು ಕುಣಿದೆ.

ಪಾವಗಡದವನು ಕಾಫಿ ಲೋಟ ಹಿಡಿದುಕೊಂಡೇ ಎದ್ದು ನಿಂತಿದ್ದ. "ಏಂದಮ್ಮಾ ಇದಿ! ಯಾಪಾರ ಅಂತ ಕರ್ದು ಈಯಪ್ಪ ಗುಡ್ಡ ಹತ್ತಿ ಪಾಯೆ!" ಎಂದು ಕನ್ನಡಕ್ಕೆ ತೆಲುಗು ಬೆರೆಸಿ ಕೂಗಿದ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ನೀವು ತಿಳಿದರೆ, ಕುರಿಗಳ ವಿಷಯ ನಿಮಗೆ ಗೊತ್ತಿಲ್ಲವೆಂದಾಯಿತು. ಎಂಜಿನ್ನಿನ ಸದ್ದಿಗೆ ಎಂಬತ್ತು ಕುರಿ ಎಂಬತ್ತು ದಿಕ್ಕಿಗೆ ಚದುರಿದವು. ಅವನ್ನು ಒಟ್ಟು ಮಾಡುವುದಕ್ಕೆ ಅಕ್ಕನಿಗೂ ನನಗೂ ಮಧ್ಯಾಹ್ನವಾಯಿತು. ಭಾವ ಕೆಳಗೆ ಬಂದಾಗ ಪಾವಗಡದವನು ನಗುತ್ತಿದ್ದ. ಭಾವ ಗಾಡಿಯಿಂದ ಇಳಿಯದೆ, "ಮಾತು ಕೊಟ್ಟಿದ್ದೆ, ತಪ್ತಾ ಇವ್ನಿ. ತಪ್ಪಾಯ್ತು. ಟಗರುಮರಿ ತಗಂಡೋಗು. ಹೆಣ್ಣುಕುರಿ ಕೊಡಲ್ಲ" ಎಂದರು. ಅವನು ಸ್ವಲ್ಪ ಗೊಣಗಿದ. ಆಮೇಲೆ ಗಾಡಿಯ ಟೈರು ಒತ್ತಿ ನೋಡಿ, ತನ್ನನ್ನೂ ಒಂದು ಸುತ್ತು ಕೂರಿಸಿಕೊಳ್ಳುವಂತೆ ಕೇಳಿದ.

ಕುರಿಗಳ ಸಮಸ್ಯೆಗೆ ಭಾವನೇ ದಾರಿ ಹುಡುಕಿಕೊಂಡರು. ಕುರಿ ಎಬ್ಬಿಸುವ ಮೊದಲೇ ಗುಡ್ಡದ ಮೇಲೆ ಹೋಗಿ, ಎಂಜಿನ್ ಆರಿಸಿ ಕೂರುವುದು. ಅಕ್ಕ ಕೆಳಗಿನಿಂದ ಬಿಡುವುದು. ಮೇಲೆ ಹೋದ ಕೂಡಲೇ ಅವಕ್ಕೆ ಒಂದು ಹಿಡಿ ಹುರುಳಿ ಸಿಗುತ್ತಿತ್ತು. ಒಂದು ತಿಂಗಳಿಗೆ ಕುರಿಗಳಿಗೆ ಅಭ್ಯಾಸವಾಗಿ, ಗಾಡಿಯ ಸದ್ದು ಕೇಳಿದರೆ ತಾವಾಗಿ ಹಟ್ಟಿಯ ಬಾಗಿಲಿಗೆ ಬಂದು ನಿಲ್ಲತೊಡಗಿದವು. ಇಳಿಯುವಾಗ ಒದೆಯಲು ಅಕ್ಕ ಬೇಕಾಗಿರಲಿಲ್ಲ. ಇಳಿಜಾರಿನಲ್ಲಿ ಗೇರು ಹಾಕಿ ಉರುಳಿಸಿದರೆ ಅದೇ ಏಳುತ್ತಿತ್ತು. ಅಂದಿನಿಂದ ಭಾವ ನನಗೆ ವಾರಕ್ಕೊಮ್ಮೆಯಾದರೂ ಫೋನು ಮಾಡುತ್ತಾರೆ. "ಮೇಷ್ಟ್ರೇ, ಪ್ಲಗ್ಗು ಕಾಫಿಪುಡಿ ಕಲರ್ ಐತೆ" ಎಂದು ಶುರುಮಾಡಿದರೆ ಅರ್ಧ ಗಂಟೆ.

ಶಾಲೆಯಲ್ಲಿ ಹುಲ್ಲಿನ ಯಂತ್ರದ ಹೊಗೆ ಕುಡಿದ ಆ ವಾರದ ಭಾನುವಾರವೇ ಅಲ್ಲಿಗೆ ಹೋದೆ. ಮನೆಗೆ ಬೀಗ. ಹಿತ್ತಲಿಗೆ ಬಂದರೆ ಗುಡ್ಡದಿಂದ ಸದ್ದು ಇಳಿದು ಬರುತ್ತಿತ್ತು. ಓಡಿಸುತ್ತಿದ್ದವಳು ಅಕ್ಕ. ಐವತ್ತು ದಾಟಿದ ನಮ್ಮಕ್ಕ, ಸೆರಗು ಸೊಂಟಕ್ಕೆ ಬಿಗಿದು, ಬಂಡೆಯ ಅಂಚಿನಲ್ಲಿ ಸರ್ರನೆ ತಿರುಗಿಸಿ ನನ್ನ ಮುಂದೆ ನಿಲ್ಲಿಸಿದಳು. "ಬಾಯಿ ಮುಚ್ಕಂಡು ಹತ್ತು ಕಣ್ಲಾ, ನೊಣ ಹೋದಾತು" ಎಂದಳು. ಹಿಂದೆ ಕೂತು ಅವಳ ಹೆಗಲು ಹಿಡಿದುಕೊಂಡೆ.

ಮೇಲೆ ಭಾವ ಕುರಿಗಳ ನಡುವೆ ಬಂಡೆಯ ಮೇಲೆ ಕೂತಿದ್ದರು. ಬುತ್ತಿ ಬಿಚ್ಚಿ ಮೂವರೂ ಉಂಡೆವು. ಆವತ್ತು ಗಾಡಿ ಹೊರಡದೇ ಇದ್ದಿದ್ದರೆ ನಿಜವಾಗಿಯೂ ಕುರಿ ಕೊಟ್ಟುಬಿಡುತ್ತಿದ್ದಿರಾ ಎಂದು ಕೇಳಿದೆ. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಪ್ರಶ್ನೆ.

ಭಾವ ಕೈ ತೊಳೆದುಕೊಂಡರು. "ಕೊಡ್ತಿರ್ಲಿಲ್ಲ. ಅದು ಬುಸ್ ಅಂದಾಗ್ಲೇ ಮನ್ಸು ಬದ್ಲಾಯ್ತು. ಇನ್ನೂ ತೂತು ಮುಚ್ಚಿರ್ಲಿಲ್ಲ. ಏನಾಗೈತೆ ಅಂತ ಗೊತ್ತಾಯ್ತಲ್ಲ, ಸಾಕು ಅನ್ನಿಸ್ತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಒಂದ್ಸಲಾನೂ ಓಡ್ಸೇ ಇಲ್ವಲ್ಲಾ ಮೇಷ್ಟ್ರೇ?" ಎಂದರು.

ಓಡಿಸಿರಲಿಲ್ಲ. ಹೆದರಿಕೆ ಎಂದು ಹೇಳಲಾರದೆ ಕಾಲು ನೋವು, ಕನ್ನಡಕ, ಶಾಲೆ ಎಂದೆಲ್ಲ ತಪ್ಪಿಸಿಕೊಳ್ಳುತ್ತ ಬಂದಿದ್ದೆ. ಅಕ್ಕ ಆಗಲೇ ಎದ್ದು ಗಾಡಿಯನ್ನು ಇಳಿಜಾರಿಗೆ ತಿರುಗಿಸಿ ನಿಲ್ಲಿಸಿದ್ದಳು. "ಕ್ಲಚ್ ಹಿಡ್ಕ. ಎರಡನೇ ಗೇರು. ಉರುಳಿದ ಮೇಲೆ ಮೆಲ್ಲಗೆ ಬುಡು. ಕಲ್ಲು ನೋಡ್ಬ್ಯಾಡ, ದಾರಿ ನೋಡು" ಎಂದಳು. ಹತ್ತಿ ಕೂತೆ. ಕ್ಲಚ್ ಹಿಡಿದು ಎರಡನೇ ಗೇರು ಹಾಕಿದೆ. ಅಕ್ಕ ಹಿಂದಿನಿಂದ ತಳ್ಳಿದಳು.

ಗಾಲಿಗಳು ಉರುಳಿದವು. ಕ್ಲಚ್ ಬಿಟ್ಟೆ. ತೊಡೆಯ ಕೆಳಗೆ ಎಂಜಿನ್ ಎದ್ದಿತು. ಗಾಳಿ ಮುಖಕ್ಕೆ ಹೊಡೆಯಿತು. ನಾನು ಕೂಗಿದೆ, ಯಾವ ಭಾಷೆಯಲ್ಲಿ ಕೂಗಿದೆನೋ ಗೊತ್ತಿಲ್ಲ, ವ್ಯಾಕರಣವಂತೂ ಇರಲಿಲ್ಲ. ಕುರಿಗಳು ದಾರಿ ಬಿಟ್ಟವು. ಗುಡ್ಡದ ಬುಡಕ್ಕೆ ಬಂದು ಬ್ರೇಕ್ ಒತ್ತಿದಾಗ ಉಸಿರು ಎಲ್ಲೋ ಇತ್ತು. ಮೇಲೆ ಇಬ್ಬರೂ ಕೈಬೀಸುತ್ತಿದ್ದರು. ಇಳಿಯಬೇಕೆನಿಸಲಿಲ್ಲ. ಹ್ಯಾಂಡಲ್ ತಿರುಗಿಸಿಕೊಂಡು, ಹಿಡಿ ತಿರುವಿ, ಮತ್ತೆ ಅವರ ಕಡೆಗೆ ಹತ್ತತೊಡಗಿದೆ.